ಎಡಗಡೆಯ ಸಾಲು

ಕೊಟ್ಟಾರದಲ್ಲಿರುವ ನಮ್ಮ ನೆಂಟರ ಮಗಳೊಬ್ಬಳಿಗೆ ಮೊನ್ನೆ ವಿಮಾನದ ಲೋಹ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಸೇರುವ ಮೊದಲು ಮಣ್ಣಗುಡ್ಡದ ನನ್ನ ಮನೆಗೆ ಬಂದು, "ಮಾವ, ನೀವು ಫೈಟರ್ ವಿಮಾನದ ಕೆಲಸದಲ್ಲಿ ಇದ್ದದ್ದಂತೆ. ನನಗೆ ಎಂತೆಲ್ಲ ಗೊತ್ತಿರಬೇಕು ಹೇಳಿ" ಎಂದು ಕೇಳಿದಳು. ನಾನು ಏನೋ ನಾಲ್ಕು ಮಾತು ಹೇಳಿ ಕಳಿಸಿದೆ. ಲೆನ್ಸ್ ಒರೆಸಿಡು, ಪೆನ್ಸಿಲಿನಲ್ಲಿ ಬರೆ, ಮೇಲಿನವರು ಅವಸರ ಮಾಡಿದಾಗ ಇನ್ನೊಮ್ಮೆ ಎಣಿಸು, ಹೀಗೆ. ಅವಳು ಗೇಟು ದಾಟಿದ ಮೇಲೆ ನನಗೆ ನಾಚಿಕೆಯಾಯಿತು. ಹೇಳಲೇಬೇಕಾದ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಅದನ್ನು ಈಗ ಬರೆಯುತ್ತೇನೆ; ಅವಳಿಗೂ ಆಯಿತು, ಅವಳಂಥ ಬೇರೆಯವರಿಗೂ ಆಯಿತು.

ಯುದ್ಧವಿಮಾನದ ಕೆಲಸದಲ್ಲಿದ್ದೆ ಎಂಬುದು ನಿಜ. ಆದರೆ ಅಷ್ಟು ವರ್ಷಗಳಲ್ಲಿ ಆ ವಿಮಾನ ಹಾರುವುದನ್ನು ನಾನು ಒಮ್ಮೆಯೂ ನೋಡಲಿಲ್ಲ. ನಾನು ನೋಡಿದ್ದು ಅದರ ಚರ್ಮವನ್ನು ಮಾತ್ರ, ಅದೂ ಊಟದ ತಟ್ಟೆಯಷ್ಟಗಲದ ತಗಡುಗಳಲ್ಲಿ. ಐವತ್ತರ ದಶಕದ ಕೊನೆಯ ಹೊತ್ತು ಅದು. ದೇಶ ತನ್ನದೇ ಯುದ್ಧವಿಮಾನವನ್ನು ಬರೆದು, ಕಟ್ಟಿ, ಹಾರಿಸಲು ಹೊರಟಿತ್ತು. ವಿನ್ಯಾಸದ ಕಚೇರಿ ಘಟ್ಟದ ಮೇಲೆ ಇತ್ತು. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಅದೇ ಹೊತ್ತಿಗೆ ಒಂದು ಪರದೇಶದ ಕಂಪನಿ ತಯಾರಾಗಿ ನಿಂತ ತನ್ನ ವಿಮಾನವನ್ನು ನಮಗೆ ಮಾರಲು ದೆಹಲಿಯಲ್ಲಿ ಬೀಡುಬಿಟ್ಟಿತ್ತು. ಎರಡರಲ್ಲಿ ಯಾವುದು ಎಂಬುದನ್ನು ಒಂದು ಸಮಿತಿ ತೀರ್ಮಾನಿಸಬೇಕಿತ್ತು. ಸಮಿತಿ ಕೇಳಿದ ಹತ್ತಾರು ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಸಮುದ್ರದ ಬದಿಯ ನೆಲೆಯಲ್ಲಿ ನಿಲ್ಲಿಸಿದರೆ ಯಾವುದರ ಮೈ ಉಪ್ಪುಗಾಳಿಯನ್ನು ತಡೆದುಕೊಳ್ಳುತ್ತದೆ?

ಆ ಒಂದು ಪ್ರಶ್ನೆಗಾಗಿ ಮಂಗಳೂರಿನಲ್ಲಿ ಒಂದು ಪರೀಕ್ಷಾ ಠಾಣೆ ತೆರೆದರು. ಠಾಣೆ ಎಂದರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ಬಂದರಿನಿಂದ ದೋಣಿಯಲ್ಲಿ ಹೊಳೆ ದಾಟಿದರೆ ಬೆಂಗ್ರೆ; ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಮರಳು. ಆ ಮರಳಿನಲ್ಲಿ ಒಂದು ಹೆಂಚಿನ ಶೆಡ್ಡು, ಕಡಲಿಗೆ ಮುಖಮಾಡಿ ಹುಗಿದ ಎರಡು ಸಾಲು ಮರದ ಚೌಕಟ್ಟು, ಒಬ್ಬ ಕಾವಲುಗಾರ ಮತ್ತು ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ನಾನು. ಒಂದು ಸಾಲಿನಲ್ಲಿ ನಮ್ಮ ವಿಮಾನದ ತಗಡು, ಇನ್ನೊಂದರಲ್ಲಿ ಅವರದು.

ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಮೊದಲು ಅಕ್ಕಿಹಿಟ್ಟು ಸಿಡಿದಂಥ ಬಿಳಿ ಚುಕ್ಕೆ ಏಳುತ್ತದೆ. ಕೆರೆದರೆ ಅಡಿಯಲ್ಲಿ ಸೂಜಿಮೊನೆಯಷ್ಟು ಗುಳಿ. ನೋಡಲು ಏನೂ ಅಲ್ಲ, ಆದರೆ ರಿವೆಟ್ಟಿನ ಬುಡದಲ್ಲಿ ಅಂಥದ್ದು ನಾಲ್ಕು ಸೇರಿದರೆ ರೆಕ್ಕೆಯೇ ಬಿರುಕು ಬಿಡಬಹುದು. ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಚೌಕಗಳು ಗೀರಿದ ಗಾಜನ್ನು ತಗಡಿನ ಮೇಲಿಟ್ಟು, ಲೆನ್ಸಿನಲ್ಲಿ ಕಣ್ಣಿಟ್ಟು, ಎಷ್ಟು ಚೌಕಗಳಲ್ಲಿ ಚುಕ್ಕೆ ಎದ್ದಿದೆ ಎಂದು ಎಣಿಸಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಈಗ ಪೆಟ್ಟಿಗೆಯೊಳಗೆ ಉಪ್ಪುನೀರು ಸಿಂಪಡಿಸಿ, ವರ್ಷದ ಕಡಲನ್ನು ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತಾರಂತೆ. ಎಣಿಸುವುದು ಕೂಡ ಕ್ಯಾಮೆರಾ. ಒಳ್ಳೆಯದೇ. ಪೆಟ್ಟಿಗೆಗೆ ತನ್ನದು ಪರರದು ಎಂಬುದಿಲ್ಲ.

ಸೇರಿದ ಮೊದಲ ಮಳೆಗಾಲದಲ್ಲೇ ನನ್ನ ಮೊದಲ ಎಡವಟ್ಟು ಆಯಿತು. ಸರಕಾರದ ರಿಜಿಸ್ಟರು ಎಂದು ನಾನು ಶಾಯಿಯಲ್ಲಿ ಮುತ್ತಿನಂಥ ಅಕ್ಷರ ಬರೆದಿದ್ದೆ. ಶೆಡ್ಡಿನ ಹೆಂಚು ಸರಿದು ಮೂರು ತಿಂಗಳ ಎಣಿಕೆ ನೀಲಿ ನೀರಾಗಿ ಹರಿಯಿತು. ಘಟ್ಟದ ಮೇಲಿಂದ ನನ್ನ ಮೇಲಧಿಕಾರಿ ಅನಂತರಾಮಯ್ಯನವರ ಪತ್ರ ಬಂತು. ಬೈಗುಳ ಒಂದೂ ಇರಲಿಲ್ಲ. ಒಂದು ಡಜನ್ ಪೆನ್ಸಿಲ್ ಕಳಿಸಿದ್ದೇನೆ, ಕೆತ್ತಲು ಚಾಕುವನ್ನೂ ಇಟ್ಟಿದ್ದೇನೆ, ಕಡಲ ಮುಂದೆ ಶಾಯಿಯ ಜಂಬ ನಡೆಯುವುದಿಲ್ಲ ಎಂದು ಬರೆದಿದ್ದರು. ತೆಳ್ಳಗೆ, ಕುಳ್ಳಗೆ, ಸದಾ ಮುಚ್ಚಿದ ಕೋಟಿನ ಮನುಷ್ಯ. ವಿಮಾನದ ಮೈಯ ಜವಾಬ್ದಾರಿ ಅವರದು. ಮಕ್ಕಳಿರಲಿಲ್ಲ, ಆ ವಿಮಾನವನ್ನೇ ಅವರು ಸಾಕುತ್ತಿದ್ದರು ಎಂದು ಅವರ ಕಚೇರಿಯವರು ಹಿಂದಿನಿಂದ ನಗುತ್ತಿದ್ದರಂತೆ. ನನ್ನ ಬದುಕಿನಲ್ಲಿ ನಾನು ಕಂಡ ಮೇಲಧಿಕಾರಿಗಳಲ್ಲಿ ನಾನು ಮನಸಾರೆ ಗೌರವಿಸಿದ್ದು ಅವರೊಬ್ಬರನ್ನೇ.

ಅವರು ನನಗೆ ಹಾಕಿದ ಕಟ್ಟುನಿಟ್ಟು ಒಂದೇ. ತಗಡುಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಯಾವ ಸಾಲು ಯಾರದೆಂದು ಠಾಣೆಯಲ್ಲಿ ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಕಣ್ಣು ಮೋಸ ಮಾಡುತ್ತದೆ ಎಂದು ಬರೆದಿದ್ದರು. ಆದರೆ ಪೆಟ್ಟಿಗೆ ಬಿಚ್ಚಿದವನು ನಾನು. ಒಂದರಲ್ಲಿ ಪರದೇಶದ ಮರದ ಹೊಟ್ಟು, ಇನ್ನೊಂದರಲ್ಲಿ ನಮ್ಮ ಭತ್ತದ ಹುಲ್ಲು. ತಿಳಿಯಲು ಜಾಣತನವೇನೂ ಬೇಕಿರಲಿಲ್ಲ. ಕಡಲಿಗೆ ಮುಖಮಾಡಿ ನಿಂತರೆ ಎಡಗಡೆಯ ಸಾಲು ನಮ್ಮದು.

ಇನ್ನು ಕಾವಲುಗಾರ ಹಸನಬ್ಬನವರ ವಿಷಯ. ನನಗಿಂತ ಹದಿನೈದು ವರ್ಷ ದೊಡ್ಡವರು, ಬೆಂಗ್ರೆಯವರೇ. ಅವರ ತಂದೆಗೆ ಒಂದು ಕಾಲದಲ್ಲಿ ಎರಡು ಮಂಜಿಗಳಿದ್ದವು. ಹೆಂಚು ಹೇರಿಕೊಂಡು ಹಾಯಿ ಬಿಚ್ಚಿ ದೂರದೂರದ ಬಂದರುಗಳಿಗೆ ಹೋಗುತ್ತಿದ್ದವು. ಒಂದು ಗಾಳಿಗೆ ಹೋಯಿತು, ಇನ್ನೊಂದು ದಾಯಾದಿಗಳಿಗೆ ಹೋಯಿತು. ಮಂಜಿಯ ಮೇಲೆ ಬೆಳೆದ ಮನುಷ್ಯ ಕೊನೆಗೆ ತಗಡು ಕಾಯುವ ಕೆಲಸಕ್ಕೆ ಬಂದಿದ್ದರು. ನನ್ನೊಡನೆ ತುಳುವಿನಲ್ಲೇ ಮಾತು. ಠಾಣೆಯ ವಿಷಯ ಬಂದರೆ ಮಾತ್ರ ಕನ್ನಡಕ್ಕೆ ಬರುತ್ತಿದ್ದರು. ಸರಕಾರದ ಕೆಲಸ ಕನ್ನಡದಲ್ಲೇ ಆಗಬೇಕೆಂಬುದು ಅವರ ಲೆಕ್ಕ. ಹೆಗಲ ಮೇಲೆ ಯಾವತ್ತೂ ಒಂದು ಬೈರಾಸು. ಮುಖ ಒರೆಸಲು, ಕೂರಲು, ಮೀನು ಕಟ್ಟಿಕೊಂಡು ಹೋಗಲು, ಎಲ್ಲದಕ್ಕೂ ಅದೇ.

ತಗಡು ಹಾಕಿದ ಹೊಸದರಲ್ಲೇ ಒಂದು ದಿನ ಚಹಾ ಕುಡಿಯುವಾಗ ಅವರು ಕೇಳಿದರು, "ಸಂಜೀವಣ್ಣ, ಈ ತಗಡು ಹೀಗೆ ಗಾಳಿಗೆ ಇಟ್ಟು ಎಂತ ಮಾಡ್ತಾರೆ ಮಾರಾಯ್ರೆ?" ನಾನು ಹೇಳಿದೆ. ವಿಮಾನದ ಕಥೆ, ಸಮಿತಿಯ ಕಥೆ, ಪರದೇಶದ ಕಂಪನಿಯ ಕಥೆ ಎಲ್ಲ. ಹೇಳುತ್ತ ಹೇಳುತ್ತ ಎದೆಯುಬ್ಬಿ, ಎಡಗಡೆಯ ಸಾಲು ನಮ್ಮದು ಎಂದೂ ಹೇಳಿಬಿಟ್ಟೆ. ಹಸನಬ್ಬ ಎದ್ದು ಹೋಗಿ ಆ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತು ಬಂದರು. ನನ್ನ ವೃತ್ತಿಯ ದೊಡ್ಡ ತಪ್ಪು ಆವತ್ತು, ಆ ಚಹಾದ ಲೋಟ ಮುಗಿಯುವುದರೊಳಗೆ, ಆಗಿಹೋಗಿತ್ತು.

ಒಂದು ಮಳೆಗಾಲ ಕಳೆಯಿತು, ಎರಡನೆಯದೂ ಕಳೆಯಿತು. ಬಲಗಡೆಯ ತಗಡುಗಳಲ್ಲಿ ಚುಕ್ಕೆಗಳು ನಿಧಾನಕ್ಕೆ ಹೆಚ್ಚಿದವು. ಎಡಗಡೆಯಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಾನು ಎರಡೆರಡು ಸಲ ಎಣಿಸಿದೆ. ಅದೇ ಉತ್ತರ. ನಮ್ಮ ತಗಡಿಗೆ ಬಳಿದದ್ದು ಅಡಿಬಣ್ಣದ ಒಂದೇ ಪದರ, ಅವರದಕ್ಕೆ ಎರಡು. ಒಂದೇ ಪದರ ಎರಡನ್ನು ಸೋಲಿಸಿತ್ತು. ಘಟ್ಟದ ಮೇಲೆ ಇದು ಹಬ್ಬದ ಸುದ್ದಿ. ಯಾಕೆಂದರೆ ನಮ್ಮ ವಿಮಾನಕ್ಕೆ ಇಂಜಿನ್ ಕೊಡುತ್ತೇವೆಂದಿದ್ದ ದೇಶ ಕೈಕೊಟ್ಟಿತ್ತು. ಇದ್ದ ಸಣ್ಣ ಇಂಜಿನ್ನಿಗೆ ಹೊಂದುವಂತೆ ಅವರು ವಿಮಾನದ ತೂಕವನ್ನು ಚೂರುಚೂರೇ ಇಳಿಸುತ್ತಿದ್ದರು. ಎರಡನೇ ಪದರವೇ ಬೇಡವೆಂದಾದರೆ ಅಷ್ಟು ಭಾರ ಇಳಿಯಿತು. ಅನಂತರಾಮಯ್ಯನವರ ಪತ್ರದಲ್ಲಿ ಮೊದಲ ಸಲ ಭೇಷ್ ಎಂಬ ಶಬ್ದ ಬಂತು. ಆ ಪತ್ರವನ್ನು ನಾನು ಮನೆಯವರಿಗೆಲ್ಲ ಓದಿ ಹೇಳಿದೆ.

ಪರದೇಶದ ಕಂಪನಿಯವರು ಸುಮ್ಮನೆ ಕೂರುವವರಲ್ಲ. ಅವರ ಪ್ರತಿನಿಧಿಯೊಬ್ಬರು ಬಜಪೆಯ ವಿಮಾನ ನಿಲ್ದಾಣದಲ್ಲಿ ಇಳಿದು ಠಾಣೆ ನೋಡಲು ಬಂದರು. ಎತ್ತರದ ಮನುಷ್ಯ, ಬಿಸಿಲಿಗೆ ಬೆಂದು ಕೆಂಪಾಗಿದ್ದರು. ದೋಣಿಯಿಂದ ಇಳಿಯುವಾಗ ಬೂಟು ಕೈಯಲ್ಲಿ ಹಿಡಿದು ಪ್ಯಾಂಟು ಮಡಿಸಿ ನಗುನಗುತ್ತ ನೀರಿಗಿಳಿದರು. ನಮ್ಮ ದೊಡ್ಡವರಂತೆ ಹೊತ್ತು ಇಳಿಸಿ ಎಂದು ಕಾಯಲಿಲ್ಲ. ನನಗೆ ಒಂದು ಪೆನ್ನು, ಹಸನಬ್ಬನವರಿಗೆ ಒಂದು ಕ್ಯಾಲೆಂಡರು ಕೊಟ್ಟರು. ಆಮೇಲೆ ಚೌಕಟ್ಟುಗಳ ನಡುವೆ ನಡೆದು, ಬಲಗಡೆಯ ತಗಡನ್ನು ಬೆರಳಿನಿಂದ ಸವರಿದರು, ಎಡಗಡೆಯದನ್ನೂ ಸವರಿದರು. ಎಡಗಡೆ ಸವರಿದ ಬೆರಳನ್ನು ಮೂಗಿನ ಹತ್ತಿರ ಹಿಡಿದರು. ನನ್ನ ಮುಖ ನೋಡಿದರು, ಹಸನಬ್ಬನವರ ಮುಖ ನೋಡಿದರು, ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು. ಬಹಳ ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ಇಂಗ್ಲಿಷಿನಲ್ಲಿ ಹೊಗಳಿ ಹೋದರು. ನಾನು ಹೊಗಳಿಕೆಯನ್ನು ಹೊಗಳಿಕೆ ಎಂದೇ ತಿಳಿದೆ.

ಅದಾದ ಮರುವಾರ ನಾನು ಲೆನ್ಸನ್ನು ಶೆಡ್ಡಿನಲ್ಲೇ ಮರೆತು ಬಂದೆ. ಬಂದರಿಗೆ ತಲುಪಿದ ಮೇಲೆ ನೆನಪಾಗಿ, ಹಿಂದೆ ಹೊರಟಿದ್ದ ದೋಣಿ ಹತ್ತಿದೆ. ಇನ್ನೂ ಹೊತ್ತು ಮುಳುಗಿರಲಿಲ್ಲ. ಶೆಡ್ಡಿನ ಹಿಂದಿನಿಂದ ಬಂದು ನೋಡಿದರೆ ಹಸನಬ್ಬ ಎಡಗಡೆಯ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಒಂದು ಕೊಡ ಬಾವಿನೀರು, ಒಂದು ತೆಂಗಿನ ಚಿಪ್ಪಿನಲ್ಲಿ ಎಣ್ಣೆ. ಒಂದೊಂದೇ ತಗಡಿಗೆ ಸಿಹಿನೀರು ಹೊಯ್ದು ಬೈರಾಸಿನಲ್ಲಿ ಒತ್ತಿ ಒರೆಸಿ, ಅದೇ ಬೈರಾಸಿನ ತುದಿಯನ್ನು ಎಣ್ಣೆಗೆ ಅದ್ದಿ ಮೆಲ್ಲನೆ ಸವರುತ್ತಿದ್ದಾರೆ. ಅದು ಬೂತಾಯಿ ಮೀನಿನ ಎಣ್ಣೆ. ಮಂಜಿಯ ಮರಕ್ಕೂ ಮೊಳೆಗೂ ಕಡಲಿನವರು ತಲೆತಲಾಂತರದಿಂದ ಸವರುತ್ತ ಬಂದದ್ದು ಅದೇ.

ನಾನು ಎಷ್ಟು ದಿನದಿಂದ ಎಂದು ಕೇಳಿದೆ. ಅವರು ನನ್ನನ್ನು ನೋಡಿ ಗಾಬರಿಯೇನೂ ಪಡಲಿಲ್ಲ.

"ನೀವು ಹೇಳಿದ ದಿನದಿಂದ. ಒಂದು ದಿನ ಬಿಟ್ಟಿಲ್ಲ, ಮಳೆ ಬಂದ್ರೂ ಬಿಟ್ಟಿಲ್ಲ. ನಮ್ಮದಲ್ವಾ ಸಂಜೀವಣ್ಣ? ಉಪ್ಪು ತಿನ್ಲಿಕ್ಕೆ ಬಿಟ್ರೆ ಹಾಳಾಗ್ತದೆ."

ಬಲಗಡೆಯದನ್ನು ಯಾಕೆ ಒರೆಸಲಿಲ್ಲ ಎಂದೆ.

"ಅದು ಅವರದ್ದು. ಬೇಕಾದ್ರೆ ಅವರು ಬಂದು ಒರೆಸ್ಲಿ."

ಅಲ್ಲೇ ಮರಳಿನಲ್ಲಿ ಕೂತೆ. ಎರಡು ವರ್ಷ ನಾನು ಎಣಿಸಿದ್ದು ಬಣ್ಣದ ಗಟ್ಟಿತನವನ್ನಲ್ಲ, ಈ ಮನುಷ್ಯನ ಕೈಯನ್ನು. ಪ್ರತಿ ಸೋಮವಾರ ಆ ತಗಡುಗಳ ಮೇಲೆ ಬಗ್ಗಿದವನಿಗೆ ಎಣ್ಣೆಯ ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬೆಂಗ್ರೆಯಲ್ಲಿ ಮೀನೆಣ್ಣೆಯ ವಾಸನೆ ಇಲ್ಲದ ವಸ್ತು ಯಾವುದಿತ್ತು? ದೋಣಿಗೆ ಅದೇ, ಹಗ್ಗಕ್ಕೆ ಅದೇ, ಗಾಳಿಗೂ ಅದೇ. ಆ ವಾಸನೆಯನ್ನು ವಾಸನೆ ಎಂದು ಗುರುತಿಸಲು ಹೊರಗಿನ ಮೂಗೇ ಬೇಕು. ಅಂಥದೊಂದು ಮೂಗು ಹಿಂದಿನ ವಾರವಷ್ಟೇ ಬಂದು ಹೋಗಿತ್ತು ಎಂಬುದು ಆಗ ಹೊಳೆಯಿತು.

ಹಸನಬ್ಬನವರಿಗೆ ಏನು ಹೇಳಲಿ? ಗದರಿಸಲು ಬಾಯಿ ಬರಲಿಲ್ಲ. ನಾಳೆಯಿಂದ ಒರೆಸಬೇಡಿ, ಮೇಲಿನವರ ಆರ್ಡರ್ ಉಂಟು ಎಂದೆ. ಅವರ ಮುಖ ಸಣ್ಣದಾಯಿತು. ಆಗಲಿ ಎಂದು ಚಿಪ್ಪಿನ ಎಣ್ಣೆಯನ್ನು ಮರಳಿಗೆ ಚೆಲ್ಲಿದರು.

ಮರುದಿನ ಅನಂತರಾಮಯ್ಯನವರಿಗೆ ಪತ್ರ ಬರೆದೆ. ಒಂದನ್ನೂ ಮುಚ್ಚಿಡಲಿಲ್ಲ, ಸಾಲಿನ ಗುಟ್ಟು ಬಿಟ್ಟುಕೊಟ್ಟವನು ನಾನೇ ಎಂಬುದನ್ನೂ ಬರೆದೆ. ಉತ್ತರ ಬರಲಿಲ್ಲ, ಅವರೇ ಬಂದರು. ಬಜಪೆಯಿಂದ ಟ್ಯಾಕ್ಸಿ ಮಾಡಿಕೊಂಡು ನೇರ ಮಣ್ಣಗುಡ್ಡದ ಮನೆಗೆ. ನನ್ನ ಅಮ್ಮ ಅವರಿಗೆ ಊಟ ಬಡಿಸಿದರು. ಅವರು ಸೌತೆಕಾಯಿ ಹುಳಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು, ಅಮ್ಮನ ಆರೋಗ್ಯ ವಿಚಾರಿಸಿದರು, ನನ್ನ ಕಡೆ ನೋಡಲೇ ಇಲ್ಲ. ಕೈ ತೊಳೆದು ಜಗಲಿಗೆ ಬಂದು ಕೂತ ಮೇಲೆ ಕೋಟಿನ ಒಳಜೇಬಿನಿಂದ ನನ್ನ ಪತ್ರ ತೆಗೆದರು.

"ಹತ್ತು ದಿನದಲ್ಲಿ ಸಮಿತಿ ಕೂರುತ್ತೆ ಸಂಜೀವ. ಆ ಕಡೆಯವರ ಹತ್ರ ಹಾರೋ ವಿಮಾನ ಇದೆ, ಔತಣಗಳಿವೆ, ಅವರ ಪರವಾಗಿ ಮಾತಾಡೋಕೆ ನಮ್ಮವರೇ ಇದಾರೆ. ನಮ್ಮ ಹತ್ರ ಇರೋದು ಅರ್ಧ ಕಟ್ಟಿದ ವಿಮಾನ, ಮತ್ತೆ ನಿಮ್ಮ ಈ ಎಣಿಕೆ."

ಆ ಎಣಿಕೆ ಸುಳ್ಳಲ್ಲವೇ ಸಾರ್ ಎಂದೆ.

"ಸಮಿತಿ ಮುಗೀಲಿ. ಆಮೇಲೆ ಹೊಸ ತಗಡು ಹಾಕಿ ಸರಿಯಾಗಿ ಎಣಿಸೋಣ. ಬೇಕಾದ್ರೆ ಎರಡನೇ ಪದರ ಆಮೇಲೂ ಬಳೀಬಹುದು. ಆದರೆ ಈಗ ಇದು ಹೊರಗೆ ಬಂದ್ರೆ ಬಣ್ಣ ಬಳಿಯೋಕೆ ವಿಮಾನವೇ ಇರಲ್ಲ." ಕೈಯಲ್ಲಿದ್ದ ಪತ್ರ ತೋರಿಸಿ, "ನಾನು ಆರ್ಡರ್ ಮಾಡ್ತಿಲ್ಲ. ನೀವು ಬೇಡ ಅಂದ್ರೆ ಈ ಪತ್ರ ಇವತ್ತೇ ಫೈಲಿಗೆ ಹೋಗುತ್ತೆ" ಎಂದರು.

ಬೇಡ ಎನ್ನಲು ನನ್ನಿಂದ ಆಗಲಿಲ್ಲ. ನಮ್ಮ ವಿಮಾನ ಉಳಿಯಬೇಕೆಂಬ ಆಸೆ ಒಂದು, ಹಸನಬ್ಬನವರ ಕೆಲಸ ಹೋಗುತ್ತದೆಂಬ ಭಯ ಒಂದು, ಮತ್ತೆ ನಿಜ ಹೇಳಿಬಿಡುತ್ತೇನೆ, ನನ್ನ ತಪ್ಪು ಹೊರಗೆ ಬರುವುದಿಲ್ಲ ಎಂಬ ನೆಮ್ಮದಿಯೂ ಒಂದು ಮೂಲೆಯಲ್ಲಿ ಇತ್ತು. ನೀವು ಹೇಳಿದ ಹಾಗೆ ಆಗಲಿ ಸಾರ್ ಎಂದೆ. ಅವರು ಪತ್ರವನ್ನು ಮಡಿಸಿ ಅದೇ ಜೇಬಿಗೆ ಹಾಕಿಕೊಂಡರು.

ಸಮಿತಿ ಕೂತಿತು. ನಮ್ಮ ವಿಮಾನಕ್ಕೆ ಒಂದು ಮೊದಲ ಆರ್ಡರ್ ಸಿಕ್ಕಿತು. ಅದು ಚೆನ್ನಾಗಿ ನಡೆದರೆ ಇನ್ನಷ್ಟು ಎಂಬ ಮಾತೂ ಆಯಿತು. ಸುದ್ದಿ ತಿಳಿದ ದಿನ ಹಸನಬ್ಬ ಮನೆಯಿಂದ ನೆಯ್ಪತ್ತಿರಿ, ಎಂದರೆ ಕರಿದ ಅಕ್ಕಿರೊಟ್ಟಿ, ಮಾಡಿಸಿ ತಂದರು. ಶೆಡ್ಡಿನ ಮುಂದೆ ಕೂತು ತಿಂದೆವು. ಅವರಿಗೆ ಆ ದಿನ ಎಷ್ಟು ಸಂತೋಷವಾಗಿತ್ತೆಂದರೆ, ಕಳೆದುಹೋದ ಮಂಜಿ ಬಂದರಿಗೆ ವಾಪಸು ಬಂದಂತೆ ಇದ್ದರು. ನಾನು ಕಡಲಿನ ಕಡೆ ಮುಖ ತಿರುಗಿಸಿಕೊಂಡೆ.

ಅನಂತರಾಮಯ್ಯ ಮಾತು ತಪ್ಪಲಿಲ್ಲ. ಹೊಸ ತಗಡುಗಳು ಬಂದವು. ಈ ಸಲ ಯಾವ ಸಾಲು ಯಾರದೆಂದು ನಾನು ಬಾಯಿ ಬಿಡಲಿಲ್ಲ. ಹಸನಬ್ಬ ಕೇಳಲೂ ಇಲ್ಲ. ತಗಡು ಕಣ್ಣಿಗೆ ಬೀಳದ ಹಾಗೆ ಕಡಲಿಗೆ ಬೆನ್ನು ಹಾಕಿ ಕೂರುವುದನ್ನು ಮಾತ್ರ ರೂಢಿ ಮಾಡಿಕೊಂಡರು. ಮೊದಲ ಮಳೆಗಾಲ ಮುಗಿಯುವುದರೊಳಗೆ ನಮ್ಮ ತಗಡುಗಳಲ್ಲಿ ಬಿಳಿ ಹಿಟ್ಟು ಚೆಲ್ಲಿದಂತಾಯಿತು. ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆ. ಅಷ್ಟರಲ್ಲಿ ಘಟ್ಟದ ಮೇಲೆ ವಿಮಾನಗಳು ಸಾಲಾಗಿ ತಯಾರಾಗುತ್ತಿದ್ದವು. ಸಮಿತಿಯ ಮುಂದೆ ವಿಮಾನದ ತೂಕ ಇಷ್ಟೇ ಎಂದು ಬರೆದುಕೊಟ್ಟಾಗಿತ್ತು; ಒಂದು ಪದರ ಬಣ್ಣ ಹೆಚ್ಚಿಸಿದರೆ ಮಾತಿಗೆ ತಪ್ಪಿದಂತೆ, ತಪ್ಪಿದರೆ ಆ ಕಡೆಯವರ ಬಾಯಿಗೆ ಬಿದ್ದಂತೆ. ಅನಂತರಾಮಯ್ಯ ಮೇಲಿನವರ ಬಾಗಿಲು ತಟ್ಟಿ ತಟ್ಟಿ ಸೋತರು. ನನ್ನ ವರದಿಯ ಮೇಲೆ ಯಾರೋ, ಮುಂದಿನ ಹಂತದಲ್ಲಿ ಪರಿಶೀಲಿಸಬಹುದು ಎಂದು ಷರಾ ಬರೆದರು. ಸರಕಾರದ ಕಡತದಲ್ಲಿ ಆ ಷರಾ ಕಂಡರೆ ಅದರ ಅರ್ಥ ಸಾವು ಎಂದು ನಮ್ಮ ಹುಡುಗಿ ತಿಳಿದಿರಲಿ.

ಎರಡು ಮೂರು ವರ್ಷಗಳ ಮೇಲೆ ಕಡಲ ಬದಿಯ ಒಂದು ನೆಲೆಯಲ್ಲಿ ನಿಂತಿದ್ದ ನಮ್ಮ ವಿಮಾನಗಳ ರೆಕ್ಕೆಯ ಬುಡದಲ್ಲಿ ಗುಳಿಗಳು ಕಂಡವು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಹಾರಿಸುವ ಮೊದಲೇ ಒಬ್ಬ ಮೆಕ್ಯಾನಿಕ್ ನೋಡಿದ. ಎಲ್ಲ ವಿಮಾನಗಳನ್ನೂ ನೆಲಕ್ಕಿಳಿಸಿದರು. ಆಗ, ಠಾಣೆ ನೋಡಲು ಬಂದಿದ್ದ ಆ ಕೆಂಪು ಮನುಷ್ಯ ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡಿದ್ದ ಬೆರಳನ್ನು ಹೊರಗೆ ತೆಗೆದ. ಮಂಗಳೂರಿನ ಪರೀಕ್ಷೆಯ ತಗಡುಗಳಿಗೆ ಮೀನೆಣ್ಣೆ ಸವರಲಾಗಿತ್ತು, ಅದನ್ನು ನಾವು ಅಂದೇ ಗಮನಿಸಿದ್ದೆವು ಎಂದು ಕಂಪನಿಯ ಪತ್ರ ದೆಹಲಿಗೆ ಹೋಯಿತು. ಅಂದೇ ಹೇಳಿದ್ದರೆ ನಾವು ತಿದ್ದಿಕೊಳ್ಳುತ್ತಿದ್ದೆವು. ತಿದ್ದಿಕೊಳ್ಳಬಾರದು ಎಂದೇ ಅವರು ಹೇಳಲಿಲ್ಲ. ಈ ವ್ಯಾಪಾರದಲ್ಲಿ ಎದುರಾಳಿಯ ತಪ್ಪನ್ನು ಕೂಡಲೇ ಯಾರೂ ಹೇಳುವುದಿಲ್ಲ, ಅದು ಹಣ್ಣಾಗುವ ತನಕ ಕಾಯುತ್ತಾರೆ.

ವಿಚಾರಣೆ ಆಯಿತು. ನನ್ನನ್ನು ಕರೆಯುತ್ತಾರೆಂದು ಬಿಳಿ ಅಂಗಿ ಒಗೆದಿಟ್ಟು ಕಾದೆ. ಕರೆಯಲಿಲ್ಲ. ಠಾಣೆಯವರು ಸರಿಯಾದ ಹೊತ್ತಿಗೆ ಪತ್ರ ಬರೆದು ತಿಳಿಸಿದ್ದರು, ಅದನ್ನು ತಡೆಹಿಡಿದವರು ತಾವೇ, ಬೇರೆ ಯಾರದೂ ಇದರಲ್ಲಿ ಪಾಲಿಲ್ಲ ಎಂದು ಅನಂತರಾಮಯ್ಯ ಬರೆದುಕೊಟ್ಟಿದ್ದರಂತೆ. ಕಾವಲುಗಾರನ ಹೆಸರನ್ನು ಅವರು ಎತ್ತಲೇ ಇಲ್ಲ. ಅವರು ಕೆಲಸ ಬಿಟ್ಟು ಹೋದರು. ಜಗಲಿಯಲ್ಲಿ ಹೂಂ ಎಂದವನು ನಾನೂ ಇದ್ದೆ ಎಂದು ಒಂದು ಸಾಲು ಬರೆದು ಹಾಕಲು ನನಗೆ ಕೈ ಇತ್ತು, ಡಜನ್‌ಗಟ್ಟಲೆ ಪೆನ್ಸಿಲ್ ಇತ್ತು. ಬರೆಯಲಿಲ್ಲ. ಮನೆಯಲ್ಲಿ ಅಮ್ಮ, ತಂಗಿಯ ಮದುವೆ ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲ ಸಲ ಸುಮ್ಮನಿದ್ದದ್ದಕ್ಕೆ ವಿಮಾನದ ನೆಪವಾದರೂ ಇತ್ತು. ಎರಡನೆಯ ಸಲ ಸುಮ್ಮನಿದ್ದದ್ದು ಬರೀ ಹೇಡಿತನ.

ದೊಡ್ಡ ಆರ್ಡರ್ ಪರದೇಶದವರಿಗೆ ಹೋಯಿತು. ನಮ್ಮ ವಿಮಾನ ಅಷ್ಟಕ್ಕೇ ನಿಂತಿತು, ವಿನ್ಯಾಸದವರು ದಿಕ್ಕಿಗೊಬ್ಬರಾದರು. ಅನಂತರಾಮಯ್ಯನವರಿಂದ ಕೊನೆಯದಾಗಿ ಒಂದು ಕಾರ್ಡು ಬಂದಿತ್ತು, ಪೆನ್ಸಿಲಿನಲ್ಲಿ ಬರೆದದ್ದು. ಆ ಎರಡನೇ ಪದರದ ತೂಕ ಒಬ್ಬ ಪೈಲಟನ ತೂಕದಷ್ಟೂ ಇರಲಿಲ್ಲ ಸಂಜೀವ ಎಂದು ಅದರಲ್ಲಿತ್ತು. ಅಂದರೆ ನಾವು ಪತ್ರವನ್ನು ಆ ದಿನವೇ ಫೈಲಿಗೆ ಹಾಕಿದ್ದರೆ ಒಂದು ಸಮಿತಿಯಲ್ಲಿ ಸೋಲುತ್ತಿದ್ದೆವೋ ಏನೋ, ಬಣ್ಣ ಸರಿಮಾಡಿಕೊಂಡು ಇನ್ನೊಂದು ಸಮಿತಿಯ ಮುಂದೆ ನಿಲ್ಲುತ್ತಿದ್ದೆವು. ವಿಮಾನವನ್ನು ಉಳಿಸಲು ಸುಮ್ಮನಿದ್ದೆವು. ಆ ಸುಮ್ಮನಿದ್ದದ್ದೇ ಅದನ್ನು ಕೊಂದಿತು.

ಠಾಣೆ ಮುಚ್ಚುವ ಆರ್ಡರ್ ಬಂದ ದಿನ ಚೌಕಟ್ಟುಗಳನ್ನು ಕಿತ್ತು ರಾಶಿ ಹಾಕುತ್ತಿದ್ದೆವು. ಹಳೆಯ ಎಡಗಡೆ ಸಾಲಿನ ತಗಡುಗಳು ಶೆಡ್ಡಿನ ಮೂಲೆಯಲ್ಲಿದ್ದವು. ಹಸನಬ್ಬ ಅದರಲ್ಲೊಂದನ್ನು ತೆಗೆದುಕೊಳ್ಳಲೇ ಎಂದು ಕೇಳಿದರು. ತೆಗೆದುಕೊಳ್ಳಿ ಎಂದೆ. ಅದನ್ನು ಬೈರಾಸಿನಲ್ಲಿ ಸುತ್ತುತ್ತ, ನನ್ನ ಮುಖ ನೋಡದೆ ಕೇಳಿದರು.

"ನಮ್ಮ ವಿಮಾನ ನಿಂತದ್ದು ಎಂತಕ್ಕೆ ಸಂಜೀವಣ್ಣ?"

"ಇಂಜಿನಿಗೆ ಬಲ ಸಾಲಲಿಲ್ಲ."

"ತಗಡಿನದ್ದು ಎಂತ ತೊಂದರೆ ಇರ್ಲಿಲ್ಲ ಅಲ್ವಾ?"

"ಇಲ್ಲ ಹಸನಬ್ಬ."

"ನನಗೆ ಗೊತ್ತುಂಟು," ಎಂದರು ಅವರು. "ಅದನ್ನು ನೋಡಿಕೊಂಡದ್ದು ನಾವಲ್ವಾ."

ಆ ಸುಳ್ಳಿಗಾಗಿ ಮಾತ್ರ ನಾನು ಇಂದಿಗೂ ಪಶ್ಚಾತ್ತಾಪ ಪಟ್ಟಿಲ್ಲ.

ಆಮೇಲೆ ಬೇರೆ ಇಲಾಖೆ, ಬೇರೆ ಮೇಜು, ನಿವೃತ್ತಿ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹಸನಬ್ಬ ತೀರಿಕೊಂಡ ಮೇಲೆ ಅವರ ಮಗ, ಗಲ್ಫಿನಲ್ಲಿ ದುಡಿದು ಬಂದು ಬಂದರಿನಲ್ಲಿ ಅಂಗಡಿ ಇಟ್ಟವರು, ಒಂದು ಬಟ್ಟೆಯ ಗಂಟು ಹಿಡಿದು ಮಣ್ಣಗುಡ್ಡಕ್ಕೆ ಬಂದರು. ಬಾಪ ಇದನ್ನು ನಿಮಗೇ ಕೊಡಬೇಕೆಂದು ಹೇಳಿದ್ದಾರೆ ಎಂದರು. ಬಿಚ್ಚಿದರೆ ಆ ತಗಡು. ಕಡಲಿನ ಎದುರಿನ ಮನೆಯ ಗೋಡೆಯಲ್ಲಿ ಅಷ್ಟು ವರ್ಷ ತೂಗಿದ್ದು ಕನ್ನಡಿಯಂತೆ ಹೊಳೆಯುತ್ತಿತ್ತು. ಲೆನ್ಸ್ ತಂದು ನೋಡಿದೆ. ಒಂದು ಚುಕ್ಕೆ ಇಲ್ಲ. ಕೊನೆಯ ವಾರದ ತನಕವೂ ಒರೆಸುತ್ತಿದ್ದರಂತೆ. ಕೈ ಎತ್ತಲಾಗದೆ ಹೋದ ಮೇಲೆ ಸೊಸೆಯ ಕೈಯಲ್ಲಿ ಒರೆಸಿಸಿದರಂತೆ.

ಆಗ ನನಗೊಂದು ಹಟ ಬಂತು. ಒಂದಾದರೂ ಸರಿಯಾದ ಎಣಿಕೆ ನನ್ನ ಕೈಯಿಂದ ಆಗಲಿ ಎಂದು ಆ ತಗಡನ್ನು ತಾರಸಿಯ ಮೇಲೆ, ಕಡಲಗಾಳಿ ಬರುವ ಪಶ್ಚಿಮದ ಮೂಲೆಯಲ್ಲಿ ನಿಲ್ಲಿಸಿದೆ. ಯಾರೂ ಮುಟ್ಟಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ. ಹಳೆಯ ಮಾದರಿಯಲ್ಲೇ ಒಂದು ಪುಸ್ತಕಕ್ಕೆ ಗೆರೆ ಹಾಕಿದೆ. ಸೋಮವಾರ ಸೋಮವಾರ ಮೆಟ್ಟಿಲು ಹತ್ತಿ ನೋಡಿದೆ. ಮಳೆ ಹಿಡಿದು ಮೂರನೆಯ ವಾರ, ಮೇಲಿನ ಅಂಚಿನಲ್ಲಿ ಬಿಳಿ ಚುಕ್ಕೆ ಎದ್ದಿತ್ತು. ಒಂದಲ್ಲ, ಐದು.

ಪುಸ್ತಕ ತೆರೆದು ಪೆನ್ಸಿಲ್ ಹಿಡಿದು ಕೂತೆ. ಐದು ಎಂದು ಬರೆಯುವುದಷ್ಟೇ ಇತ್ತು. ಬರೆಯದೆ ಪೆನ್ಸಿಲ್ ಕೆಳಗಿಟ್ಟೆ, ಒಂದು ಚೊಂಬು ಬಾವಿನೀರು ತಂದೆ, ಹೆಗಲ ಮೇಲಿದ್ದ ಬೈರಾಸನ್ನು ಕೈಗೆ ತೆಗೆದುಕೊಂಡೆ.